ಅಡ್ಡಹೆಸರಿನ ತೊಡಕು

ಹಿರಿಯರ ಆಸ್ತಿ ಕಿರಿಯರಿಗೆ ಬರುವುದು ಲೋಕರೂಢಿ. ಆಸ್ತಿಯೊಡನೆ ಕಟ್ಟುಪಾಡೂ ಬರುತ್ತದೆ ಎಂಬುದು, ನಮ್ಮ ಸಂಘದ ರಿಜಿಸ್ಟರನ್ನು ಕಂಪ್ಯೂಟರಿಗೆ ಏರಿಸಲು ಕುಳಿತಾಗ ನಮಗೆ ಚೆನ್ನಾಗಿ ಮನದಟ್ಟಾಯಿತು.

ಈ ಕೆಲಸಕ್ಕೆ ನಾವು ಆರಿಸಿಕೊಂಡದ್ದು ಜಾಂಗೊ. ಅಮೆರಿಕದ ಲಾರೆನ್ಸ್ ಎಂಬ ಊರಿನ ಪತ್ರಿಕಾ ಕಚೇರಿಯೊಂದರಲ್ಲಿ ಹುಟ್ಟಿ, 2005ರಲ್ಲಿ ಎಲ್ಲರ ಕೈಗೂ ಬಂದ ಸಾಧನವದು. ಅದರಲ್ಲಿ ಪ್ರತಿಯೊಂದು ಬಗೆಯ ದಾಖಲೆಗೂ ಒಂದು ಮಾಡೆಲ್ ಬರೆಯಬೇಕು. ‘ವ್ಯಕ್ತಿ’ ಎಂಬ ತಾಯಿ ಮಾಡೆಲಿನಲ್ಲಿ ಹೆಸರು, ಅಡ್ಡಹೆಸರು, ಸದಸ್ಯಸಂಖ್ಯೆಗಳನ್ನಿಟ್ಟರೆ ‘ಆಜೀವ ಸದಸ್ಯ’, ‘ವಿದ್ಯಾರ್ಥಿ ಸದಸ್ಯ’ ಎಂಬ ಮಕ್ಕಳಿಗೆ ಅವು ತಾವಾಗಿಯೇ ದೊರೆಯುತ್ತವೆ.

ತೊಡಕೆಲ್ಲ ಅಡ್ಡಹೆಸರಿನದು. ಧಾರವಾಡ, ಬೆಳಗಾವಿಗಳ ಕಡೆಯವರಿಗೆ ಅದುಂಟು. ಮೈಸೂರು ಸೀಮೆಯ ಅನೇಕರಿಗೆ ಇರುವುದು ಊರಿನದೊಂದು, ತಂದೆಯದೊಂದು, ಹೀಗೆ ಎರಡಕ್ಷರ ಮಾತ್ರ. ತಾಯಿ ಮಾಡೆಲಿನಲ್ಲಿ ಅಡ್ಡಹೆಸರು ಕಡ್ಡಾಯವೆಂದರೆ ಮಕ್ಕಳಿಗೂ ಕಡ್ಡಾಯವೇ.

ಇನ್ನೊಂದು ವಿಚಿತ್ರವನ್ನು ಕೇಳಿ. ಈ ಕಟ್ಟುಪಾಡಿನ ಕಾವಲುಗಾರ ಕುಳಿತಿರುವುದು ಫಾರ್ಮಿನ ಬಾಗಿಲಲ್ಲಿ. ‘ಸೇವ್’ ಎಂಬ ಹಿತ್ತಿಲ ಬಾಗಿಲಿನಿಂದ ನೇರವಾಗಿ ಹೋದವರನ್ನು ಅವನು ವಿಚಾರಿಸುವುದಿಲ್ಲ. ‘ಫುಲ್ ಕ್ಲೀನ್’ ಎಂದು ನಾವೇ ಕೂಗಿ ಕರೆಯಬೇಕು. ಹಾಗಾಗಿ ಹಳೆಯ ಪುಸ್ತಕದ ಹೆಸರುಗಳನ್ನು ಒಟ್ಟಿಗೆ ತುಂಬಿದರೆ ಅಡ್ಡಹೆಸರಿಲ್ಲದ ಅಜ್ಜಿಯೂ ಸದ್ದಿಲ್ಲದೆ ಒಳಗೆ ಬರುತ್ತಾರೆ. ಮುಂದೊಂದು ದಿನ ಅವರ ವಿಳಾಸ ತಿದ್ದಲು ಹೋದಾಗ ಫಾರ್ಮು ಅಡ್ಡಗಟ್ಟಿ, ‘ಅಡ್ಡಹೆಸರೆಲ್ಲಿ?’ ಎನ್ನುತ್ತದೆ. ಆಗ ಗುಮಾಸ್ತರ ಉಪಾಯ ನಮಗೆಲ್ಲ ತಿಳಿದದ್ದೇ: ಅಲ್ಲೊಂದು ಚುಕ್ಕೆ ಇಡುವುದು, ಇಲ್ಲವೆ ಊರ ಹೆಸರನ್ನೇ ಅಂಟಿಸುವುದು. ಹೊರನಾಡಿನ ಶಾಲೆ, ಬ್ಯಾಂಕುಗಳಲ್ಲಿ ನಮ್ಮವರೆಷ್ಟೋ ಜನರ ಹೆಸರು ಮಾರ್ಪಟ್ಟಿರುವುದು ಹೀಗೆಯೇ. ನಮ್ಮ ಸಂಘದಲ್ಲಿಯಾದರೂ ಹಾಗಾಗಬಾರದಷ್ಟೆ?

ತಾಯಿ ಮಾಡೆಲನ್ನು ಸ್ವಂತ ಕೋಷ್ಟಕವಿಲ್ಲದ ಬರಿಯ ಅಚ್ಚಾಗಿ ಇಡುವ ದಾರಿಯೂ ಉಂಟು. 2016ರಲ್ಲಿ ಬಂದ 1.10ನೆಯ ಆವೃತ್ತಿಯಿಂದ, ಅಂಥ ತಾಯಿ ಕೊಟ್ಟ ಅಂಕಣವನ್ನು ಮಗು ತನಗೆ ಬೇಕಾದಂತೆ ಬದಲಿಸಿಕೊಳ್ಳಬಹುದು. ಆದರೆ ಆಗ ಮಕ್ಕಳ ಕೋಷ್ಟಕಗಳೆಲ್ಲ ಬೇರೆಬೇರೆಯಾಗಿ, ಒಂದೇ ಸದಸ್ಯಸಂಖ್ಯೆ ಎರಡು ಮನೆಗಳಲ್ಲಿ ಕಾಣಿಸಿಕೊಂಡರೂ ಡೇಟಾಬೇಸು ಸುಮ್ಮನಿರುತ್ತದೆ.

ಆದ್ದರಿಂದ ನಾವು ತಾಯಿಗೆ ಸ್ವಂತ ಕೋಷ್ಟಕವನ್ನೇ ಕೊಟ್ಟೆವು. ಸಂಖ್ಯೆ ಇಬ್ಬರಿಗೆ ಒಂದೇ ಆಗಕೂಡದೆಂಬ ನಿಯಮವನ್ನು ಅಲ್ಲಿಯೇ ಕಟ್ಟಿದೆವು. ಯಾವ ಬಾಗಿಲಿನಿಂದ ಬಂದರೂ ಅದು ತಡೆಯುತ್ತದೆ. ಅಡ್ಡಹೆಸರನ್ನು ಮಾತ್ರ ಅವರವರ ಇಚ್ಛೆಗೆ ಬಿಟ್ಟೆವು.

ಕಿರಿಯರಿಗೆ ದಾಟಿಸುವ ಕಟ್ಟುಪಾಡುಗಳಲ್ಲಿ ಯಾವುದು ನಿಜವಾಗಿ ಬೇಕು, ಯಾವುದು ಬರಿಯ ರೂಢಿ ಎಂದು ಆರಿಸಿಕೊಡುವುದು ಹಿರಿಯರ ಹೊಣೆಯಲ್ಲವೆ?