ಬಾಲಿದ್ವೀಪಕ್ಕೆ ಹೊರಡುವವರಿಗೆ ನಾಲ್ಕು ಮಾತು

ಈಚಿನ ವರ್ಷಗಳಲ್ಲಿ ನಮ್ಮ ನಾಡಿನ ಗೃಹಸ್ಥರು ಮಡದಿಮಕ್ಕಳೊಡನೆ ಬಾಲಿದ್ವೀಪಕ್ಕೆ ಹೋಗಿಬರುವುದು ಹೆಚ್ಚಾಗಿದೆ. ಹಿಂದಿರುಗಿದವರು ಅಲ್ಲಿನ ಕಡಲನ್ನೂ ಹಸುರನ್ನೂ ಹೊಗಳಿ, ಕೊನೆಗೆ “ಅಲ್ಲಿರುವುದೂ ನಮ್ಮ ಧರ್ಮವೇ, ಅವರೂ ನಮ್ಮವರೇ” ಎಂದು ಮುಗಿಸುವುದು ವಾಡಿಕೆ. ಈ ಮಾತಿನಲ್ಲಿ ಪ್ರೀತಿಯುಂಟು, ಸತ್ಯಾಂಶವೂ ಉಂಟು. ಆದರೆ ಆ ದ್ವೀಪದಲ್ಲಿ ನಮ್ಮವರು ತಪ್ಪಿ ನಡೆಯುವುದಕ್ಕೆ ಬಹುಮಟ್ಟಿಗೆ ಈ ಮಾತೇ ಕಾರಣವೆಂದು ನನ್ನ ಅಭಿಪ್ರಾಯ. ಪರರ ಮನೆಯೆಂದು ತಿಳಿದಲ್ಲಿ ಬಾಗಿಲಲ್ಲಿ ನಿಂತು ಕೇಳುತ್ತೇವೆ. ನಮ್ಮದೇ ಮನೆಯೆಂದು ಭಾವಿಸಿದಲ್ಲಿ ಕೇಳದೆ ಒಳನುಗ್ಗುತ್ತೇವೆ. ಆದಕಾರಣ ಅಲ್ಲಿಗೆ ಹೊರಡುವ ವಾಚಕರು ಮೊದಲೇ ಅರಿತಿರಬೇಕಾದ ಕೆಲವು ಸಂಗತಿಗಳನ್ನು ಇಲ್ಲಿ ಹೇಳುತ್ತೇನೆ.

ಬಾಲಿಯು ಭೂಮಧ್ಯರೇಖೆಯಿಂದ ಎಂಟು ಅಂಶ ದಕ್ಷಿಣಕ್ಕಿರುವ ಇಂಡೋನೇಷ್ಯಾದ ಒಂದು ದ್ವೀಪ. 2020ರ ಜನಗಣತಿಯಲ್ಲಿ ಅಲ್ಲಿ ಸುಮಾರು 43 ಲಕ್ಷ ಜನರಿದ್ದರು. ಅವರಲ್ಲಿ ಬಹುತೇಕರು ಹಿಂದೂಗಳು. ಅವರ ಮಾತಿನಲ್ಲಿ ಸಂಸ್ಕೃತ ಶಬ್ದಗಳು ಹೆಜ್ಜೆಹೆಜ್ಜೆಗೂ ಕಿವಿಗೆ ಬೀಳುತ್ತವೆ. ಆದರೆ ಶಬ್ದವು ಕಡಲು ದಾಟುವಾಗ ಅರ್ಥವೂ ಪಲ್ಲಟಗೊಂಡಿದೆ. ಅಲ್ಲಿ ‘ಪುರ’ವೆಂದರೆ ಪಟ್ಟಣವಲ್ಲ, ದೇವಾಲಯ; ‘ಪುರಿ’ಯೆಂದರೆ ಅರಮನೆ; ‘ದೇಸ’ವೆಂದರೆ ಹಳ್ಳಿ; ‘ಆಗಮ’ವೆಂದರೆ ಮತಧರ್ಮ; ‘ಸುಆಮಿ’ಯೆಂದರೆ ಗಂಡ. ‘ದೋಸ’ವೆಂದರೆ ಪಾಪ, ಬೆಳಗಿನ ಉಪಾಹಾರಕ್ಕೆ ದೋಸೆಯನ್ನು ಕೇಳುವ ಕನ್ನಡಿಗನು ಅವರ ಕಿವಿಗೆ ಪಾಪವನ್ನೇ ಬೇಡಿದಂತಾದೀತು! ಶಬ್ದಗಳ ವಿಷಯದಲ್ಲಿ ಹೇಗೋ ಆಚಾರದ ವಿಷಯದಲ್ಲಿಯೂ ಹಾಗೆಯೇ. ಪರಿಚಿತವಾಗಿ ಕಂಡದ್ದನ್ನೆಲ್ಲ ಬಲ್ಲೆವೆಂದು ಎಣಿಸಬಾರದು.

ದೇವಾಲಯಗಳಲ್ಲಿ ನಮ್ಮವರು ಮೊದಲು ಹುಡುಕುವುದು ಗರ್ಭಗುಡಿಯನ್ನೂ ಮೂರ್ತಿಯನ್ನೂ. ಅಲ್ಲಿಯ ಪುರಗಳು ಬಯಲಿಗೆ ತೆರೆದ ಅಂಗಳಗಳು. ಎತ್ತರವಾದ ಪದ್ಮಾಸನವೆಂಬ ಪೀಠವು ಸಾಮಾನ್ಯವಾಗಿ ಬರಿದಾಗಿರುತ್ತದೆ. ಪರಮಾತ್ಮನನ್ನು ಅವರು ‘ಅಚಿಂತ್ಯ’ನೆಂದೂ ಕರೆಯುವರಷ್ಟೆ. ಒಳಗೆ ಹೋಗುವವರು ಗಂಡಸರಾಗಲಿ ಹೆಂಗಸರಾಗಲಿ ಪಂಚೆಯಂತೆ ಸುತ್ತುವ ‘ಕಾಮೆನ್’ ಎಂಬ ಬಟ್ಟೆಯನ್ನುಟ್ಟು, ಸೊಂಟಕ್ಕೆ ‘ಸೆಲೆಂದಾಂಗ್’ ಎಂಬ ವಸ್ತ್ರವನ್ನು ಕಟ್ಟಿಕೊಳ್ಳತಕ್ಕದ್ದು. ಅತ್ಯಂತ ಒಳಗಿನ ಅಂಗಳವು ಹಲವೆಡೆ ಪೂಜೆ ಮಾಡುವವರಿಗೆ ಮಾತ್ರವೇ ಮೀಸಲು. ನಮ್ಮ ಸೂತಕವನ್ನು ನೆನಪಿಗೆ ತರುವ ‘ಚುಂತಕ’ವೆಂಬ ನಿಯಮವೂ ಅಲ್ಲುಂಟು, ಮನೆಯಲ್ಲಿ ಸಾವಾದವರೂ ಮುಟ್ಟಾದ ಸ್ತ್ರೀಯರೂ ಒಳಗೆ ಬರಬಾರದೆಂಬ ಸೂಚನೆ ಬಾಗಿಲಲ್ಲೇ ಬರೆದಿರುವುದು. ಪ್ರಾರ್ಥಿಸುವವರ ಮುಂದೆ ಹಾದುಹೋಗುವುದು, ಅರ್ಚಕರಿಗಿಂತ ಎತ್ತರದಲ್ಲಿ ಕೂರುವುದು, ಚಿತ್ರಕ್ಕಾಗಿ ಗುಡಿಯ ಕಟ್ಟೆಯನ್ನೋ ಮರವನ್ನೋ ಏರುವುದು ಇವೆಲ್ಲ ಅಪಚಾರಗಳು. ತಂಪಾಕ್‌ಸಿರಿಂಗ್ ಎಂಬಲ್ಲಿರುವ ತೀರ್ಥ ಎಂಪುಲ್ ಕೊಳದಲ್ಲಿ ಸಾಲಾಗಿ ಬೀಳುವ ನೀರಿಗೆ ತಲೆಯೊಡ್ಡಲು ಪ್ರವಾಸಿಗಳಿಗೂ ಅನುಮತಿಯುಂಟು. ಆದರೆ ಮೃತರ ಕ್ರಿಯೆಗೆಂದೇ ಮೀಸಲಾದ ನಳಿಗೆಗಳೂ ಆ ಸಾಲಿನಲ್ಲಿವೆ. ಯಾವುದೆಂದು ಕೇಳಿ ತಿಳಿದ ಮೇಲೆಯೇ ನೀರಿಗಿಳಿಯಬೇಕು.

ಬೀದಿಯಲ್ಲಿ ನಡೆಯುವಾಗ ನೆಲದ ಮೇಲೆ ಕಣ್ಣಿರಲಿ. ತೆಂಗಿನ ಎಳೆಗರಿಯಿಂದ ಹೆಣೆದ ಅಂಗೈಯಗಲದ ತಟ್ಟೆಯಲ್ಲಿ ಹೂವನ್ನಿಟ್ಟು, ಊದಿನಕಡ್ಡಿ ಹಚ್ಚಿ, ಗೃಹಿಣಿಯರು ದಿನವೂ ಮನೆ ಅಂಗಡಿಗಳ ಮುಂದೆ ಇಡುತ್ತಾರೆ. ಇದಕ್ಕೆ ‘ಚನಾಂಗ್’ ಎಂದು ಹೆಸರು. ಇದನ್ನು ತುಳಿಯಬಾರದು, ದಾಟಬಾರದು, ಮಕ್ಕಳು ಹೂವನ್ನೆತ್ತಿಕೊಳ್ಳದಂತೆ ನೋಡಿಕೊಳ್ಳಬೇಕು. ಕೊಡುವುದಕ್ಕೂ ಕೊಳ್ಳುವುದಕ್ಕೂ ಬಲಗೈಯೇ ಆಗಬೇಕೆಂಬುದು ನಮಗೆ ಹೊಸದಲ್ಲ. ಆದರೆ ನಾವು ವಾತ್ಸಲ್ಯದಿಂದ ಮಕ್ಕಳ ತಲೆಯನ್ನು ಸವರುವಂತೆ ಅಲ್ಲಿ ಸವರಕೂಡದು. ತಲೆಯು ಅವರಿಗೆ ಪವಿತ್ರವಾದ ಅಂಗ.

ಪ್ರಯಾಣದ ದಿನವನ್ನು ಗೊತ್ತುಮಾಡುವ ಮುನ್ನ ಅವರ ಪಂಚಾಂಗವನ್ನು ವಿಚಾರಿಸಿರಿ. ನಮ್ಮ ಶಾಲಿವಾಹನ ಶಕೆಯೇ ಅವರಿಗೂ ವರ್ಷಗಣನೆ. ಅವರ ಹೊಸವರ್ಷವಾದ ‘ನ್ಯೆಪಿ’ಯು 2025ರಲ್ಲಿ ಮಾರ್ಚ್ 29ರಂದು ಬಂದಿತು, ಮರುದಿನವೇ ನಮ್ಮ ಯುಗಾದಿ. ಕೆಲವು ವರ್ಷ ಒಂದು ತಿಂಗಳ ಅಂತರ ಬೀಳುವುದೂ ಉಂಟು. ನಾವು ಅಭ್ಯಂಜನ ಹೋಳಿಗೆಗಳಿಂದ ಸಂಭ್ರಮಿಸಿದರೆ ಅವರು ಮೌನದಿಂದ ವರ್ಷವನ್ನು ತೊಡಗುತ್ತಾರೆ. ಹಿಂದಿನ ಸಂಜೆ ಭೂತಾಕೃತಿಗಳ ಮೆರವಣಿಗೆ; ಬೆಳಗಿನ ಆರರಿಂದ ಮರುದಿನದ ಆರರವರೆಗೆ ಬೆಂಕಿಯಿಲ್ಲ, ದೀಪವಿಲ್ಲ, ಕೆಲಸವಿಲ್ಲ, ಸಂಚಾರವಿಲ್ಲ, ವಿನೋದವಿಲ್ಲ. ವಿಮಾನ ನಿಲ್ದಾಣವೂ ಮುಚ್ಚಿರುತ್ತದೆ. ಪ್ರವಾಸಿಗಳು ಹೋಟೆಲಿನ ಆವರಣವನ್ನು ಬಿಟ್ಟು ಹೊರಡುವಂತಿಲ್ಲ. ಅಂದು ವಿಮಾನವಿರದೆಂದು ಪೇಚಾಡುವವರು ಬೇರೆ ದಿನ ಹೋಗುವುದು ಲೇಸು. ದೀಪಗಳಿಲ್ಲದ ಆಕಾಶದಲ್ಲಿ ನಕ್ಷತ್ರಗಳನ್ನು ಮಕ್ಕಳಿಗೆ ತೋರಿಸಬೇಕೆಂಬವರಿಗೆ ಅದಕ್ಕಿಂತ ಒಳ್ಳೆಯ ರಾತ್ರಿ ಸಿಕ್ಕದು.

ಊಟದ ವಿಷಯ. ಹಿಂದೂಗಳ ನಾಡೆಂದು ಸಸ್ಯಾಹಾರವನ್ನು ನಿರೀಕ್ಷಿಸುವವರು ಹಸಿದುಕೊಂಡಾರು. ಹಂದಿಯ ಮಾಂಸವು ಅಲ್ಲಿ ಹಬ್ಬದ ಅಡಿಗೆ. ಕಾಯಿಪಲ್ಯದ ಪದಾರ್ಥಗಳಲ್ಲಿಯೂ ‘ತೆರಾಸಿ’ ಎಂಬ ಸೀಗಡಿಯ ಮುದ್ದೆ ಸೇರಿರಬಹುದು. ಹಪ್ಪಳದಂತೆ ಕಾಣುವ ‘ಕ್ರುಪುಕ್’ ಕೂಡ ಅನೇಕವೇಳೆ ಸೀಗಡಿಯದೇ. ಆದುದರಿಂದ “ತಾನ್ಪಾ ದಾಗಿಂಗ್, ತಾನ್ಪಾ ಇಕಾನ್, ತಾನ್ಪಾ ತೆರಾಸಿ” (ಮಾಂಸ, ಮೀನು, ಸೀಗಡಿಯ ಮುದ್ದೆ ಬೇಡ) ಎಂಬ ಮಾತನ್ನು ಬಾಯಿಪಾಠ ಮಾಡಿಕೊಳ್ಳಿರಿ. ಸೋಯಾ ಅವರೆಯಿಂದ ಮಾಡಿದ ‘ತೆಂಪೆ’ಯೂ ‘ತಾಹು’ವೂ ಅನ್ನದೊಡನೆ ಹಿತವಾಗಿರುತ್ತವೆ. ನಲ್ಲಿಯ ನೀರನ್ನು ಕುಡಿಯಕೂಡದು.

ಏಪ್ರಿಲಿನಿಂದ ಅಕ್ಟೋಬರಿನವರೆಗೆ ಒಣಹವೆ. ನವೆಂಬರಿನಿಂದ ಮಾರ್ಚಿಯವರೆಗೆ ಮಳೆ. ಕುಟಾ ಮೊದಲಾದ ಕಡಲತೀರಗಳಲ್ಲಿ ನೀರು ಸೆಳೆಯುವುದರಿಂದ ಕೆಂಪು ಹಳದಿ ಬಾವುಟಗಳ ನಡುವೆಯೇ ಸ್ನಾನ ಮಾಡಬೇಕು. ಬರಿಯ ಕೆಂಪು ಬಾವುಟವಿದ್ದಲ್ಲಿ ಇಳಿಯಲೇಬಾರದು. ಸೆಳವಿಗೆ ಸಿಕ್ಕವರು ಅದಕ್ಕೆ ಎದುರಾಗಿ ಹೋರಾಡದೆ ದಡಕ್ಕೆ ಸಮಾನಾಂತರವಾಗಿ ಈಜಿ ಹೊರಬರಬೇಕು. ಉಲುವಾತು ದೇವಾಲಯದ ಕೋತಿಗಳು ಕನ್ನಡಕವನ್ನೇ ಕಸಿದೊಯ್ಯುತ್ತವೆ. 2008ರಿಂದ ದ್ವೀಪದಲ್ಲಿ ಹುಚ್ಚುನಾಯಿ ರೋಗವಿದೆ. ನಾಯಿಯಾಗಲಿ ಕೋತಿಯಾಗಲಿ ಕಚ್ಚಿದರೆ ಅಥವಾ ಪರಚಿದರೆ ಗಾಯವನ್ನು 15 ನಿಮಿಷ ಸಾಬೂನು ನೀರಿನಿಂದ ತೊಳೆದು, ಅದೇ ದಿನ ವೈದ್ಯರಲ್ಲಿಗೆ ಹೋಗಿ ಚುಚ್ಚುಮದ್ದು ಹಾಕಿಸಿಕೊಳ್ಳತಕ್ಕದ್ದು.

ಕೊನೆಯದಾಗಿ ನೀರಿನ ಮಾತು. ಪ್ರವಾಸಿಗಳು ನಿಂತು ಬೆರಗಾಗುವ ಮೆಟ್ಟಿಲು ಗದ್ದೆಗಳು ‘ಸುಬಕ್’ ಎಂಬ ರೈತರ ಕೂಟಗಳಿಂದ ಬಾಳಿಬಂದವು. ಯಾರ ಗದ್ದೆಗೆ ಯಾವಾಗ ನೀರೆಂಬುದನ್ನು ಜಲದೇವಾಲಯಗಳ ಕಟ್ಟಳೆಯಂತೆ ಕೂಡಿ ನಿರ್ಣಯಿಸುವರು. ಗದ್ದೆಗಳೆಲ್ಲ ಒಂದೇ ಕಾಲಕ್ಕೆ ಬೀಳುಬಿಡುವುದರಿಂದ ಕೀಟಗಳಿಗೆ ಆಹಾರ ತಪ್ಪುತ್ತದೆ. 1970ರ ದಶಕದಲ್ಲಿ ಈ ಕ್ರಮವನ್ನು ಬಿಟ್ಟು ಎಡೆಬಿಡದೆ ನಾಟಿಮಾಡಿಸಿದಾಗ ಕೀಟಬಾಧೆ ಮಿತಿಮೀರಿ, ರೈತರು ಹಳೆಯ ಕಟ್ಟಳೆಗೇ ಮರಳಿದರು. 2012ರಲ್ಲಿ ಯುನೆಸ್ಕೋ ಸಂಸ್ಥೆಯು ಈ ಸುಬಕ್ ಭೂಪ್ರದೇಶವನ್ನು ವಿಶ್ವಪರಂಪರೆಯೆಂದು ಮನ್ನಿಸಿತು. ಆದರೂ 2024ರೊಂದರಲ್ಲೇ 60 ಲಕ್ಷಕ್ಕೂ ಮಿಕ್ಕ ವಿದೇಶೀಯರು ಬಂದಿಳಿದ ದ್ವೀಪದಲ್ಲಿ, ಗದ್ದೆಗಳು ಹೋಟೆಲುಗಳಾಗುತ್ತಿವೆ. ಕಾಲುವೆಯ ನೀರಿಗೂ ನೆಲದೊಳಗಿನ ನೀರಿಗೂ ಕೊರತೆಯೊದಗುತ್ತಿದೆ. ಪ್ರವಾಸಿಗಳು ತೊಟ್ಟಿ ತುಂಬಿಸಿ ಮೀಯುವ ನೀರು ಯಾರದೋ ಗದ್ದೆಯದು. ಬಕೀಟಿನ ಸ್ನಾನವನ್ನು ಬಲ್ಲ ನಮ್ಮವರು ಅಲ್ಲಿಯೂ ಅದನ್ನು ಮರೆಯದಿರಲಿ. ತಂಗುವುದಕ್ಕೆ ಊರಿನವರೇ ನಡೆಸುವ ಮನೆಗಳನ್ನು ಆರಿಸಿದರೆ ಹಣವೂ ಅವರಲ್ಲೇ ಉಳಿದೀತು. 2024ರ ಫೆಬ್ರುವರಿಯಿಂದ ವಿದೇಶೀಯರ ಮೇಲೆ ಒಂದೂವರೆ ಲಕ್ಷ ರುಪಯ್ಯಾ ಶುಲ್ಕವನ್ನು ವಿಧಿಸಲಾಗಿದೆ. ಅಲ್ಲಿನ ಸಂಸ್ಕೃತಿಯನ್ನೂ ಪರಿಸರವನ್ನೂ ಕಾಪಾಡುವುದಕ್ಕೆಂದು ವಿಧಿಸಿದ ಈ ಹಣವನ್ನು ಗೊಣಗದೆ ತೆರುವುದು ಯುಕ್ತ.

ಕೃತಜ್ಞತೆಯನ್ನು ತಿಳಿಸಲು ಬಾಲಿಯವರು ‘ಸುಕ್ಸ್ಮ’ ಎನ್ನುತ್ತಾರೆ. ಇದು ನಮ್ಮ ‘ಸೂಕ್ಷ್ಮ’ ಶಬ್ದವೇ. ವಾಚಕರು ಇದೊಂದನ್ನಾದರೂ ಕಲಿತು ಹೊರಡಲಿ. ಅಲ್ಲಿ ಸೂಕ್ಷ್ಮವಾಗಿ ನಡೆದುಕೊಂಡು, ಬರುವಾಗ ಮನೆಯವರಿಗೆ ಆ ಮಾತನ್ನು ಹೇಳಿಬರಲಿ.