ಶೇಕಡಾವಾರಿನ ಹಿಂದಿನ ಮಕ್ಕಳು

ಅಭ್ಯಾಸ ಬೋಧನೆಯ ಅವಧಿಯಲ್ಲಿ ನಾನಿದ್ದ ಸರ್ಕಾರಿ ಪ್ರೌಢಶಾಲೆಯ ಫಲಿತಾಂಶ ವಿಶ್ಲೇಷಣೆ ನನ್ನ ಪಾಲಿಗೆ ಬಂತು. ರಾಜ್ಯದ ಎಸ್‌ಎಸ್‌ಎಲ್‌ಸಿ ಫಲಿತಾಂಶ 2023ರಲ್ಲಿ ಶೇ. 83.89 ಇತ್ತು. 2024ರಲ್ಲಿ ಪರೀಕ್ಷಾ ಕೇಂದ್ರಗಳಿಗೆ ವೆಬ್‌ಕಾಸ್ಟಿಂಗ್ ಬಂದಾಗ, ಕೃಪಾಂಕ ಸೇರಿಸಿಯೂ ಅದು ಶೇ. 73.40ಕ್ಕೆ ಇಳಿಯಿತು. ಒಂದೇ ವರ್ಷದಲ್ಲಿ ಮಕ್ಕಳ ಕಲಿಕೆ ಅಷ್ಟು ಕುಸಿಯಲಾರದು. ಮುಖ್ಯವಾಗಿ ಬದಲಾದದ್ದು ಪರೀಕ್ಷೆ ನಡೆಸುವ ರೀತಿ. ಈ ಶಾಲೆಯ ಅಂಕಿಯೂ ಇಳಿದಿತ್ತು. ಹಾಗಾಗಿ ಬರೀ ಶೇಕಡಾವಾರು ನಂಬದೆ ದಾಖಲಾತಿ ವಹಿ, ಹಾಜರಿ ಪುಸ್ತಕಗಳನ್ನು ನೋಡಿದೆ.

ಹೆಚ್ಚಿನ ಪೋಷಕರ ಉದ್ಯೋಗ ‘ಕೂಲಿ’. ಹುಡುಗಿಯರ ಸಂಖ್ಯೆಯೇ ಹೆಚ್ಚು. ಹಲವರ ಅಣ್ಣತಮ್ಮಂದಿರು ಖಾಸಗಿ ಇಂಗ್ಲಿಷ್ ಮಾಧ್ಯಮ ಶಾಲೆಯಲ್ಲಿದ್ದಾರೆ. ಕಬ್ಬು ಕಟಾವಿಗೆ ಹೋಗುವ ಮನೆಗಳ ಮಕ್ಕಳ ಹೆಸರಿನ ಮುಂದೆ ವಾರಗಟ್ಟಲೆ ಗೈರು. ಮನೆಯಲ್ಲಿ ಲಂಬಾಣಿ ಮಾತಾಡುವ ಹುಡುಗಿಗೆ ‘ವಿಭವಾಂತರ’ದಲ್ಲಿ ಪದವೂ ಹೊಸದು, ಪರಿಕಲ್ಪನೆಯೂ ಹೊಸದು.

ಇವು ಶಾಲೆಗೆ ನೆಪವಾಗಬಾರದು, ಪಾಠಯೋಜನೆಗೆ ಆಧಾರವಾಗಬೇಕು. ವರದಿಯಲ್ಲಿ ಉತ್ತೀರ್ಣರ ಶೇಕಡಾವಾರಿನ ಪಕ್ಕದಲ್ಲೇ ಅದೇ ಮಕ್ಕಳ ಎಂಟನೇ ತರಗತಿಯ ಸೇತುಬಂಧ ಪರೀಕ್ಷೆಯ ಅಂಕಗಳನ್ನೂ ಬರೆದೆ. ಮಗು ಎಲ್ಲಿಂದ ಹೊರಟು ಎಲ್ಲಿಗೆ ಬಂತು ಎಂಬುದರಲ್ಲೇ ಶಿಕ್ಷಕರ ದುಡಿಮೆ ಕಾಣುತ್ತದೆ.