ಒಂದು ಕಲ್ಲಿನ ಭಾರ

ಹುಬ್ಬಳ್ಳಿಯಿಂದ ಬಳ್ಳಾರಿಯವರೆಗೆ ಸೈಕಲ್ಲಿನ ಮೇಲೆ ಹೋಗಬೇಕೆಂಬುದು ನನ್ನ ಬಹುದಿನದ ಅಭಿಲಾಷೆ. ನಿವೃತ್ತಿಯ ಅನಂತರ ಅದು ಕೈಗೂಡಿತು. ಸೈಕಲ್ ಯಾತ್ರಿಕನಿಗೆ ಅಪರಿಗ್ರಹವನ್ನು ಯಾರೂ ಉಪದೇಶಿಸಬೇಕಾಗಿಲ್ಲ. ಪ್ರತಿಯೊಂದು ಏರುದಾರಿಯೂ ಅದನ್ನೇ ಬೋಧಿಸುತ್ತದೆ. ಎರಡು ಜೊತೆ ಬಟ್ಟೆ, ಗಾಳಿ ಹಾಕುವ ಪಂಪು, ಪಂಕ್ಚರ್ ಸಾಮಾನು, ನೀರು, ಅವಲಕ್ಕಿ ಇಷ್ಟೇ ನನ್ನ ಸಂಪತ್ತು.

ದಾನಚಿಂತಾಮಣಿ ಅತ್ತಿಮಬ್ಬೆ 1007ರಲ್ಲಿ ಕಟ್ಟಿಸಿದ ಲಕ್ಕುಂಡಿಯ ಬ್ರಹ್ಮಜಿನಾಲಯವನ್ನು ದರ್ಶಿಸಿ, ಮೂರನೆಯ ದಿನ ಹೊಸಪೇಟೆಯ ಮೂಲಕ ಹಂಪೆಯನ್ನು ಸೇರಿದೆ. ವಿರೂಪಾಕ್ಷನ ಗೋಪುರ, ಹೇಮಕೂಟ, ಮಹಾನವಮಿ ದಿಬ್ಬ, ನೀರು ಹರಿಸುತ್ತಿದ್ದ ಕಲ್ಲಿನ ಕಾಲುವೆ ಇವೆಲ್ಲವನ್ನೂ ಸಾವಕಾಶವಾಗಿ ನೋಡಿದೆ. ಸಂಜೆ ಕಮಲಾಪುರದಿಂದ ಕಂಪ್ಲಿಯ ದಾರಿಯಲ್ಲಿರುವ ಗಾಣಗಿತ್ತಿ ಬಸದಿಗೆ ಬಂದೆ. ಎರಡನೆಯ ಹರಿಹರನ ದಂಡನಾಯಕನಾದ ಇರುಗಪ್ಪನು 1385ರಲ್ಲಿ ಇದನ್ನು ಕುಂಥುನಾಥ ತೀರ್ಥಂಕರರಿಗಾಗಿ ಕಟ್ಟಿಸಿದನೆಂದು ಮುಂದಿರುವ ಕಂಬದ ಶಾಸನ ಹೇಳುತ್ತದೆ. ಕುಂಥುನಾಥರು ಚಕ್ರವರ್ತಿಗಳಾಗಿದ್ದು, ಷಟ್ಖಂಡ ಭೂಮಿಯನ್ನೇ ತ್ಯಜಿಸಿ ಹೊರಟವರು. ಕಂಬಕ್ಕೆ ಕೈಮುಗಿದು ಹೊರಬಂದೆ.

ಅಲ್ಲಿಯೇ ದಾರಿಯ ಬದಿಯ ಮಣ್ಣಿನಲ್ಲಿ ಅಂಗೈಯಗಲದ ಕಲ್ಲಿನ ಚೂರೊಂದು ಕಂಡಿತು. ಅದರಲ್ಲಿ ಹೂವಿನ ಒಂದು ಎಸಳು ಕೆತ್ತಿತ್ತು. ಬಿದ್ದುದನ್ನು ಎತ್ತಿಕೊಂಡರೆ ದೋಷವೇನು, ಮೊಮ್ಮಗನಿಗೆ ತೋರಿಸಿದರಾಯಿತು ಎಂದು ಚೀಲದಲ್ಲಿ ಇಟ್ಟುಕೊಂಡೆ.

ಮರುದಿನ ಮುಂಜಾನೆ ಬಳ್ಳಾರಿಯ ದಾರಿ ಹಿಡಿದೆ. ಮೊದಲ ಏರಿನಲ್ಲಿಯೇ ಚೀಲ ಭಾರವೆನಿಸಿತು. ಎರಡನೆಯ ಜೊತೆ ಚಪ್ಪಲಿಯನ್ನೂ ಭಾರವೆಂದು ಮನೆಯಲ್ಲಿ ಬಿಟ್ಟವನಿಗೆ ಈ ಕಲ್ಲಿಗೆ ಸ್ಥಳ ಎಲ್ಲಿಂದ ಬಂದಿತು? ಕೊಡದೆ ಇರುವುದನ್ನು ತೆಗೆದುಕೊಳ್ಳುವುದೇ ಅದತ್ತಾದಾನ, ಬಿದ್ದ ವಸ್ತುವೂ ಅದಕ್ಕೆ ಹೊರತಲ್ಲ ಎಂದು ಪಾಠಶಾಲೆಯಲ್ಲಿ ಮಕ್ಕಳಿಗೆ ವರ್ಷಾನುಗಟ್ಟಲೆ ಹೇಳಿಕೊಟ್ಟವನು ನಾನೇ. 1565ರ ಯುದ್ಧದ ಬಳಿಕ ಈ ನಗರವನ್ನು ಕೊಳ್ಳೆಹೊಡೆದವರನ್ನು ಹಿಂದಿನ ದಿನವಷ್ಟೇ ಮನಸ್ಸಿನಲ್ಲಿ ಹಳಿದಿದ್ದೆ. ಅವರು ಬಹಳ ಒಯ್ದರು, ನಾನು ಸ್ವಲ್ಪ ಒಯ್ದೆ. ವ್ಯತ್ಯಾಸ ಪ್ರಮಾಣದಲ್ಲಿ ಮಾತ್ರ.

ಸೈಕಲ್ ತಿರುಗಿಸಿದೆ. ಬಸದಿಯ ಬಳಿ ಇದ್ದ ಕಾವಲುಗಾರರಿಗೆ ಕಲ್ಲನ್ನು ಕೊಟ್ಟು ನಡೆದುದನ್ನು ಹೇಳಿದೆ. ಅವರು ಸಿಟ್ಟಾಗಲಿಲ್ಲ. "ಬಂದವ್ರೆಲ್ಲಾ ಒಂದೊಂದು ಒಯ್ದ್ರ ನಾ ಏನ್ ಕಾಯಲ್ರೀ, ಯಜಮಾನ್ರ?" ಎಂದಷ್ಟೇ ಅಂದರು. ನಾನು ತಲೆತಗ್ಗಿಸಿದೆ. ಅಂದು ಬಳ್ಳಾರಿ ಸೇರುವುದು ಸಾಧ್ಯವಾಗಲಿಲ್ಲ.

ಊರಿಗೆ ಮರಳಿದ ಮೇಲೆ ಮೊಮ್ಮಗನು, ಹಂಪೆಯಿಂದ ಏನು ತಂದೆಯೆಂದು ಕೇಳಿದನು. ನಡೆದುದೆಲ್ಲವನ್ನೂ ಹೇಳಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾದ್ರ ನೀನೂ ಕಳವು ಮಾಡಿದ್ದೇನಜ್ಜಾ?" ಎಂದನು.

"ಹೌದಪ್ಪಾ, ಮಾಡಿದ್ದೆ" ಎಂದೆ. ಹಾಗೆ ಹೇಳುವುದು ಆ ಏರುದಾರಿಗಿಂತ ಕಠಿಣವಾಗಿತ್ತು.